ಎಲ್ಲರೂ ಬಲ್ಲ ಹಾಡು

1944ರಲ್ಲಿ ಜಪಾನಿನ ಗುಡ್ಡಗಾಡಿನ ಸೇನಾ ನೆಲೆಯೊಂದಕ್ಕೆ ದುಡಿಯಲು ಎಳೆದೊಯ್ದ ಹುಡುಗರಲ್ಲಿ ತೋರು ತಾಕೆಮಿತ್ಸು ಒಬ್ಬ. ಶತ್ರುದೇಶಗಳ ಸಂಗೀತಕ್ಕೆ ಆಗ ಅಲ್ಲಿ ನಿಷೇಧ. ಆದರೂ ಅಲ್ಲಿದ್ದವರೊಬ್ಬರು ಬಿದಿರನ್ನು ಕೆತ್ತಿ ಗ್ರಾಮಫೋನಿಗೆ ಮುಳ್ಳು ಮಾಡಿ, ಹುಡುಗರಿಗೆ ಗುಟ್ಟಾಗಿ ಒಂದು ಫ್ರೆಂಚ್ ಪ್ರೇಮಗೀತೆ ಕೇಳಿಸಿದರು. ಆ ಹುಡುಗ ಮುಂದೆ ಸಂಗೀತವನ್ನೇ ಬದುಕು ಮಾಡಿಕೊಂಡದ್ದರ ಹಿಂದೆ ಆ ಹಾಡಿತ್ತು.

1977ರ ಹೊತ್ತಿಗೆ ತಾಕೆಮಿತ್ಸು ಜಗತ್ತೇ ಗೌರವಿಸುವ ಸಂಯೋಜಕ. ನ್ಯೂಯಾರ್ಕ್ ಫಿಲಹಾರ್ಮೋನಿಕ್ ವಾದ್ಯವೃಂದಕ್ಕೆ ಕೃತಿ ರಚಿಸಿಕೊಟ್ಟವರು. ಅಂಥವರು ಕುಳಿತು, ಜನರ ಬಾಯಲ್ಲಿ ನಲಿದಾಡುತ್ತಿದ್ದ 12 ಹಾಡುಗಳನ್ನು ಒಂಟಿ ಗಿಟಾರಿಗೆ ಅಳವಡಿಸಿದರು. ಬೀಟಲ್ಸ್ ಹಾಡುಗಳ ಜೊತೆ ಆ ಸಂಕಲನದಲ್ಲಿ 'ಓವರ್ ದ ರೇನ್‌ಬೋ' ಇದೆ. 1939ರ ಅಮೆರಿಕನ್ ಚಿತ್ರವೊಂದಕ್ಕೆ ಹೆರಾಲ್ಡ್ ಆರ್ಲೆನ್ ರಾಗ ಹಾಕಿ, ಜೂಡಿ ಗಾರ್ಲೆಂಡ್ ಹಾಡಿದ ಗೀತೆ. ತಾಕೆಮಿತ್ಸು ಹುಟ್ಟಿದ ಟೋಕಿಯೊವನ್ನು 1945ರಲ್ಲಿ ಸುಟ್ಟದ್ದು ಅದೇ ಅಮೆರಿಕದ ವಿಮಾನಗಳು. ಆ ಹಾಡಿಗೆ ಅವರು ಎಷ್ಟು ಅಕ್ಕರೆಯಿಂದ ಕೈ ಹಚ್ಚಿದ್ದಾರೆ ಎಂಬುದನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಆ ಹಾಡಿನ ಮೊದಲ ಹೆಜ್ಜೆಯೇ ದೊಡ್ಡದು: ಆಧಾರ ಷಡ್ಜದಿಂದ ಒಮ್ಮೆಲೇ ತಾರ ಷಡ್ಜಕ್ಕೆ. ಗಾಯಕಿಗಾದರೆ ಮೇಲೇರಿ ನಿಲ್ಲಲು ಉಸಿರಿನ ಆಸರೆಯಿದೆ. ಗಿಟಾರಿಗೆ ಉಸಿರಿಲ್ಲ, ಮೀಟಿದ ಗಳಿಗೆಯಿಂದಲೇ ಸ್ವರ ಸಾಯತೊಡಗುತ್ತದೆ. ಅದಕ್ಕೇ ವಾದಕ ಎಡಗೈ ಬೆರಳನ್ನು ಮುಂದಿನ ಸ್ವರ ಹುಟ್ಟುವವರೆಗೂ ತಂತಿಯಿಂದ ಎತ್ತುವುದಿಲ್ಲ. ತುಸು ಮೊದಲೇ ಎತ್ತಿದರೆ ಹಾಡು ಅಲ್ಲೇ ತುಂಡಾಗುತ್ತದೆ. ಬಲಗೈಯ ಹೆಬ್ಬೆರಳು ಕೆಳಗಿನ ಸ್ವರಗಳನ್ನು ನೋಡಿಕೊಳ್ಳುತ್ತಿರುವಾಗ, ಉಂಗುರ ಬೆರಳಿನ ಉಗುರು ಹಾಡನ್ನು ನಡೆಸುತ್ತದೆ. ನಮ್ಮ ವೈಣಿಕರು ಸಾಹಿತ್ಯದ ಅಕ್ಷರಕ್ಕೆ ಹೊಂದಿಸಿ ಮೀಟು ಹಾಕುವುದನ್ನು ಬಲ್ಲವರಿಗೆ ಈ ಎಚ್ಚರ ಹೊಸದಲ್ಲ. ಕೃತಿ ಗೊತ್ತಿರುವ ಕೇಳುಗನ ಒಳಗೆ ಮಾತು ತಾನಾಗಿಯೇ ನುಡಿಯುತ್ತದೆ.

ಯಾರೂ ಕೇಳಿರದ ಕೃತಿಗೆ ವಾದಕನೇ ಯಜಮಾನ. ಎಲ್ಲರೂ ಬಲ್ಲ ಹಾಡಿನ ಮಾತು ಬೇರೆ. ಎದುರಿಗೆ ಕೂತವರು ಅದನ್ನು ತಮ್ಮ ತಾಯಿಯ ದನಿಯಲ್ಲಿ, ಯಾವುದೋ ಹಳೆಯ ರೇಡಿಯೊದಲ್ಲಿ ಕೇಳಿರುತ್ತಾರೆ. ಆ ಹಾಡಿನ ಮೇಲೆ ಅವರಿಗೂ ಹಕ್ಕಿದೆ. ಬೆರಳಿನ ಚಮತ್ಕಾರ ತೋರಿಸಲು ಅದನ್ನು ಹರಿದು ಹಂಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಾಕೆಮಿತ್ಸು ರಾಗದ ಎಳೆಯನ್ನು ಹೆಚ್ಚೂಕಡಿಮೆ ಇದ್ದಂತೆಯೇ ಬಿಟ್ಟರು. ಬದಲಿಸಿದ್ದು ಅದರ ಕೆಳಗಿನ ನೆಲವನ್ನು. ಪರಿಚಿತ ಸ್ವರದಡಿ ಅನಿರೀಕ್ಷಿತವಾದೊಂದು ಸ್ವರಮೇಳ ಬಂದು ಕೂತಾಗ, ಅದೇ ಹಾಡು ವಯಸ್ಸಾದವರೊಬ್ಬರ ನೆನಪಿನಂತೆ ಕೇಳಿಸುತ್ತದೆ. ತಮ್ಮದೆನ್ನುವಂಥದ್ದನ್ನೂ ಅವರು ಕೊಟ್ಟಿದ್ದಾರೆ, ಕೇಳುಗನ ಪಾಲನ್ನು ಕಸಿದುಕೊಳ್ಳದೆ ಕೊಟ್ಟಿದ್ದಾರೆ.

ಅದೇ ಸಂಕಲನದಲ್ಲಿ ಯೇಸುವನ್ನು ಗೆಳೆಯನೆಂದು ಕರೆಯುವ ಕ್ರೈಸ್ತ ಭಜನೆಯೂ ಇದೆ, ಕಾರ್ಮಿಕರ 'ಇಂಟರ್‌ನ್ಯಾಷನಲ್' ಗೀತೆಯೂ ಇದೆ. ಮಾತು ತೆಗೆದರೆ ಹಾಡಿನ ಹಲ್ಲು ಕಿತ್ತಂತಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲು ನನ್ನಿಂದಾಗದು. 'ಇಂಟರ್‌ನ್ಯಾಷನಲ್' ಹಾಡಿದ್ದಕ್ಕೆ ಸೆರೆಮನೆ ಕಂಡವರಿದ್ದಾರೆ. ಅವರಿಗೆ ಅದರ ಒಂದೊಂದು ಮಾತೂ ಪ್ರಾಣ. ಆದರೆ ಸಾವಿರ ಕಂಠಗಳಿಗೆಂದು ಹುಟ್ಟಿದ ಹಾಡನ್ನು ಗಿಟಾರಿನ ಆರು ತಂತಿಗಳ ಮೇಲೆ ಕೇಳುವಾಗ ನನಗೆ ಕಾಣಿಸುವುದು ಮೆರವಣಿಗೆಯಲ್ಲ, ಅದರೊಳಗಿನ ಒಬ್ಬ ಮನುಷ್ಯ. ಘೋಷಣೆಯ ಅಬ್ಬರದಲ್ಲಿ ಅವನ ಆಸೆಯನ್ನು ಬಿಡಿಯಾಗಿ ಯಾರೂ ವಿಚಾರಿಸಿರಲಿಲ್ಲ. ಅದನ್ನು ವಿಚಾರಿಸಬೇಕೆಂದು ಅನ್ನಿಸಿದ್ದು, ಎಳೆಯ ವಯಸ್ಸಿನಲ್ಲಿ ಒಂದು ನಿಷಿದ್ಧ ಗೀತೆಗೆ ಕಿವಿಗೊಟ್ಟವರಿಗೆ.