ಶೂನೇಮಿನ ತಾಯಿಯ ತ್ವರೆ

ಓದತಕ್ಕ ಭಾಗ: ಅರಸುಗಳ ಎರಡನೆಯ ಪುಸ್ತಕ, 4ನೆಯ ಅಧ್ಯಾಯ, 18ರಿಂದ 37ನೆಯ ವಚನಗಳು



ಶೂನೇಮಿನ ಒಬ್ಬ ಹುಡುಗನು ಸುಗ್ಗಿಯ ಕಾಲದಲ್ಲಿ ತಂದೆಯ ಬಳಿಗೆ ಹೊಲಕ್ಕೆ ಹೋಗಿ, ತಲೆ ನೋಯುತ್ತದೆಂದು ಕೂಗಿಕೊಂಡನು. ತಂದೆಯು ಆಳಿನ ಕೈಯಲ್ಲಿ ಅವನನ್ನು ತಾಯಿಯ ಬಳಿಗೆ ಕಳುಹಿಸಿದನು. ಅವನು ಮಧ್ಯಾಹ್ನದ ವರೆಗೆ ಆಕೆಯ ತೊಡೆಯ ಮೇಲಿದ್ದು ಪ್ರಾಣ ಬಿಟ್ಟನು. ಮಕ್ಕಳ ರೋಗವು ಎಷ್ಟು ಬೇಗನೆ ಬಲಿಯುವದೆಂಬದನ್ನು ಇದರಲ್ಲಿ ನೋಡಿರಿ.

ನಮ್ಮ ಸೂಪಾ ಸೀಮೆಯಲ್ಲಿಯೂ ಹೀಗೆಯೇ. ಹಳೆಯ ಸೂಪಾ ಊರು ಕಾಳೀ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ತಾಲೂಕಿಗೆ ಈಗ ಜೋಯಿಡಾ ಎಂದು ಹೆಸರು. ಆದರೆ ಕಾಡೂ ಹಳ್ಳವೂ ಮಳೆಯೂ ಹಾಗೆಯೇ ಇವೆ. ಆಷಾಢದಲ್ಲಿ ಮಗುವು ಮೊಲೆ ಹಿಡಿಯದಿದ್ದರೆ, ನಾಟಿ ಮುಗಿಯಲಿ ಎಂದು ತಂದೆಯು ಹೇಳುತ್ತಾನೆ. ದೃಷ್ಟಿ ತಾಕಿದೆ ಎಂದು ಅಜ್ಜಿ ಹೇಳುತ್ತಾಳೆ. ಬರೆ ಹಾಕಿಸಿರಿ ಎಂದು ನೆರೆಯವರು ಹೇಳುತ್ತಾರೆ. ವಿಶ್ವಾಸಿಗಳಾದ ನಮ್ಮಲ್ಲಿ ಇನ್ನೊಂದು ಮಾತುಂಟು: ಪ್ರಾರ್ಥನೆ ಮಾಡಿದ್ದೇವೆ, ವೈದ್ಯರ ಬಳಿಗೆ ಹೋದರೆ ಅವಿಶ್ವಾಸವಾಗುವದು ಎಂದು. ಪ್ರಿಯರೇ, ಈ ಮಾತು ದೇವರ ವಾಕ್ಯಕ್ಕೆ ಒಪ್ಪುವದೋ?

ಶೂನೇಮಿನ ತಾಯಿ ನಂಬಿದಳು. ನಂಬಿದ್ದರಿಂದಲೇ ಕತ್ತೆಗೆ ತಡಿ ಹಾಕಿಸಿದಳು. ಅಮಾವಾಸ್ಯೆಯೂ ಅಲ್ಲ, ಸಬ್ಬತ್ತೂ ಅಲ್ಲ, ಇಂದೇಕೆ ಹೋಗುತ್ತೀ ಎಂಬರ್ಥದಲ್ಲಿ ಗಂಡನು ಕೇಳಿದಾಗ ವಾದಕ್ಕೆ ನಿಲ್ಲದೆ ಕರ್ಮೆಲಿಗೆ ಧಾವಿಸಿದಳು. ಯಾಯೀರನು ಸಾಯುತ್ತಿದ್ದ ಮಗಳನ್ನು ಬಿಟ್ಟು ಕರ್ತನ ಪಾದಕ್ಕೆ ಓಡಿ ಬಂದನು. ಹಿಜ್ಕೀಯನು ವಾಸಿಯಾಗುವನೆಂಬ ವಾಗ್ದಾನವಿದ್ದರೂ ಯೆಶಾಯನು ಅಂಜೂರದ ಹಣ್ಣಿನ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸಿದನು. ಆದಕಾರಣ ತ್ವರೆಯು ಅವಿಶ್ವಾಸವಲ್ಲ. ಅದು ಪ್ರಾರ್ಥನೆಯ ಕಾಲುಗಳು.

ತಾಯಂದಿರೇ, ಈ ಗುರುತುಗಳನ್ನು ಬಾಯಿಪಾಠ ಮಾಡಿರಿ. ಮಗುವು ಕುಡಿಯಲಾರದಿರುವದು, ಕೊಟ್ಟದ್ದನ್ನೆಲ್ಲಾ ವಾಂತಿ ಮಾಡುವದು, ಸೆಳೆತ ಬರುವದು, ಎಬ್ಬಿಸಿದರೂ ಏಳದೆ ಜಡವಾಗಿ ಮಲಗಿರುವದು, ಕುತ್ತಿಗೆ ಬಿಗಿಯುವದು, ತುಟಿ ನೀಲಿಯಾಗುವದು, ಉಸಿರೆಳೆಯುವಾಗ ಪಕ್ಕೆಯ ಕೆಳಭಾಗವು ಒಳಕ್ಕೆ ಸೇದಿಕೊಳ್ಳುವದು. ಮಗುವು ಸುಮ್ಮನಿರುವಾಗ ಗಡಿಯಾರ ನೋಡಿ ಒಂದು ನಿಮಿಷ ಪೂರ್ತಿಯಾಗಿ ಉಸಿರು ಎಣಿಸಿರಿ: ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರುಷದೊಳಗಿನದಕ್ಕೆ 50, ಐದು ವರುಷದೊಳಗಿನದಕ್ಕೆ 40, ಅಥವಾ ಅದಕ್ಕೂ ಹೆಚ್ಚಾದರೆ ಅಪಾಯ. ಭೇದಿಯಾದಾಗ ಕಣ್ಣು ಗುಳಿಬಿದ್ದು, ಹೊಟ್ಟೆಯ ಚರ್ಮವನ್ನು ಹಿಡಿದು ಬಿಟ್ಟರೆ ಮೆಲ್ಲನೆ ಇಳಿಯುವದಾದರೆ, ಮೈಯ ನೀರು ಬತ್ತಿದೆ. ಎರಡು ತಿಂಗಳೊಳಗಿನ ಕೂಸಿಗೆ ಬರೇ ಜ್ವರ ಬಂದರೂ, ಮೈ ತಣ್ಣಗಾದರೂ ಅದೇ ದಿನ ಹೊರಡಿರಿ.

ಇವುಗಳಲ್ಲಿ ಒಂದನ್ನು ಕಂಡರೂ 108ಕ್ಕೆ ಕರೆ ಮಾಡಿರಿ, ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಬೆಳಗಾಗಲಿ ಎಂದು ಕಾಯಬೇಡಿರಿ. ಭೇದಿಯಾದ ಮಗುವಿಗೆ ಒಂದು ಲೀಟರ್ ಶುದ್ಧ ನೀರಿನಲ್ಲಿ ಒಂದು ದೊಡ್ಡ ಪೊಟ್ಟಣ ಓ.ಆರ್.ಎಸ್. ಪುಡಿಯನ್ನು ಕರಗಿಸಿ, ದಾರಿಯಲ್ಲಿಯೂ ಗುಟುಕು ಗುಟುಕಾಗಿ ಕುಡಿಸಿರಿ, ಮೊಲೆಹಾಲು ಬಿಡಿಸಬೇಡಿರಿ. ಸೆಳೆತ ಬಂದ ಮಗುವನ್ನು ಒಂದು ಮಗ್ಗುಲಾಗಿ ಮಲಗಿಸಿರಿ, ಬಾಯಿಗೆ ಏನನ್ನೂ ಹಾಕಬೇಡಿರಿ. ಬರೆಯು ರೋಗವನ್ನು ಸುಡುವದಿಲ್ಲ, ಕೂಸನ್ನೇ ಸುಡುತ್ತದೆ.

ಸಭೆಯ ಹಿರಿಯರಿಗೂ ಒಂದು ಮಾತು. ಮಗುವು ಸರಿಯಿಲ್ಲ ಎಂದು ತಾಯಿ ಹೇಳಿದರೆ, ಹೆಂಗಸಿನ ಹೆದರಿಕೆ ಎಂದು ತಳ್ಳಿಬಿಡಬೇಡಿರಿ. ಮೊದಲು ಕಾಣುವ ಕಣ್ಣು ಆಕೆಯದೇ. ಮಳೆಗಾಲಕ್ಕೆ ಮುಂಚೆ ಊರಿನಲ್ಲಿ ಯಾರ ಜೀಪು ಸಿಕ್ಕುವದೆಂದು ಗೊತ್ತುಮಾಡಿಕೊಳ್ಳಿರಿ. ಕಾಣಿಕೆಯಲ್ಲಿ ಒಂದಿಷ್ಟು ಹಣವನ್ನು ಇದಕ್ಕಾಗಿ ತೆಗೆದಿಡಿರಿ. ಒಂದು ಮನೆಯವರು ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೋದರೆ, ಅವರ ಗದ್ದೆಯ ನಾಟಿಯನ್ನು ಉಳಿದವರು ಮುಗಿಸಿಕೊಡಿರಿ. ಒಬ್ಬರ ಭಾರವನ್ನು ಮತ್ತೊಬ್ಬರು ಹೊರುವದು ಇದೇ ಅಲ್ಲವೋ?

ಮಕ್ಕಳನ್ನು ಮಣ್ಣಿಗೆ ಕೊಟ್ಟವರು ನಮ್ಮ ನಡುವೆ ಇದ್ದಾರೆ. ನಿಮ್ಮ ನಂಬಿಕೆ ಸಾಲದೆ ಹೋಯಿತೆಂದು ಅವರಿಗೆ ಯಾರೂ ಹೇಳಬಾರದು. ಚಿಕ್ಕ ಮಕ್ಕಳನ್ನು ಅಪ್ಪಿಕೊಂಡ ಕರ್ತನ ಕೈಯಿಂದ ಅವರ ಮಕ್ಕಳು ಜಾರಿಹೋಗಲಿಲ್ಲ. ಆದರೆ ನಮ್ಮ ತಡದಿಂದ ಒಂದು ಮಗುವೂ ನಷ್ಟವಾಗದಂತೆ ನಾವು ಎಚ್ಚರವಾಗಿರೋಣ. ಆತನೇ ನಮಗೆ ಕಾಣುವ ಕಣ್ಣನ್ನೂ ಓಡುವ ಕಾಲನ್ನೂ ಕೊಡಲಿ. ಆಮೆನ್.