ಹೆಡೆ ಕಂಡವರ ತೀರ್ಪು

ಕಾದಂಬರಿಯೊಂದು ಚಲನಚಿತ್ರವಾಗುತ್ತಿದೆ ಎಂಬ ಸುದ್ದಿ ಹರಡಿ, ಬಿಡುಗಡೆ ಹತ್ತಿರವಾದಾಗ ಅದರ ಟ್ರೈಲರ್, ಅಂದರೆ ಚಿತ್ರದಿಂದಲೇ ಆಯ್ದು ಜೋಡಿಸಿದ ಎರಡು ಮೂರು ನಿಮಿಷಗಳ ಮುನ್ನೋಟ, ಹೊರಬರುತ್ತದೆ. ಅದನ್ನು ನೋಡಿದವರು ಪಾತ್ರಕ್ಕೆ ನಟ ಒಪ್ಪುವುದಿಲ್ಲವೆಂದೋ, ಮೂಲಕ್ಕೆ ಅಪಚಾರವಾಗಿದೆಯೆಂದೋ, ಚಿತ್ರ ಗೆದ್ದಂತೆಯೇ ಎಂದೋ ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪಿಗೆ ಆಧಾರವೇನು, ಅದು ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂಬ ಪ್ರಶ್ನೆಯನ್ನು ಚಿತ್ರದುರ್ಗದ ಸೀಮೆಯಲ್ಲಿ ನಿಂತು ಕೇಳುವುದು ಉಚಿತವಾಗಿದೆ. ಏಕೆಂದರೆ ಕಾದಂಬರಿಗೂ ಚಿತ್ರಕ್ಕೂ ನಡುವಿನ ವ್ಯಾಜ್ಯ ಕನ್ನಡದಲ್ಲಿ ಬಹಳ ಗಟ್ಟಿಯಾಗಿ ಕೇಳಿಬಂದದ್ದು ಇಲ್ಲಿನ ಕೋಟೆಯ ಬಂಡೆಗಳ ಮೇಲೆ ಚಿತ್ರೀಕರಣಗೊಂಡ ಕೃತಿಯೊಂದರ ವಿಷಯದಲ್ಲಿಯೇ.

ಆಟಕ್ಕೆ ಮೊದಲೇ ಆಟದ ರುಚಿ ಹತ್ತಿಸುವುದು ಹೊಸ ಕಾಲದ ಉಪಾಯವೇನಲ್ಲ. ನಾಟ್ಯಶಾಸ್ತ್ರವು ನಾಟಕದ ಆರಂಭಕ್ಕೂ ಮುಂಚಿನ ವಿಧಿಗಳಾದ ಪೂರ್ವರಂಗದಲ್ಲಿ ‘ಪ್ರರೋಚನೆ’ ಎಂಬ ಅಂಗವನ್ನು ಹೇಳುತ್ತದೆ. ಕೃತಿಯನ್ನು ಹೊಗಳಿ ಪ್ರೇಕ್ಷಕರ ಮನಸ್ಸನ್ನು ಆಟದ ಕಡೆಗೆ ಒಲಿಸುವ ಮಾತು ಅದು. ಹಿರಿಯೂರು, ಹೊಳಲ್ಕೆರೆಯಂಥ ಊರುಗಳ ಬೀದಿಗಳಲ್ಲಿ ಜಟಕಾದ ಎರಡೂ ಬದಿಗೆ ಪೋಸ್ಟರು ಕಟ್ಟಿ, ಮೈಕಿನಲ್ಲಿ ಕೂಗುತ್ತ, ಬಣ್ಣದ ಕರಪತ್ರ ತೂರುತ್ತ ಸಾಗುತ್ತಿದ್ದ ಸಿನಿಮಾ ಪ್ರಚಾರವೂ ಅದೇ ಜಾತಿಯದು. ಈ ಎರಡೂ ಕೃತಿಯ ಹೊರಗೆ ನಿಂತು ಕೃತಿಯನ್ನು ಕುರಿತು ಮಾತನಾಡುತ್ತಿದ್ದುದರಿಂದ, ಕೇಳಿದವನಿಗೆ ಅದು ಹೊಗಳಿಕೆಯೆಂಬುದು ತಿಳಿದೇ ಇರುತ್ತಿತ್ತು. ಟ್ರೈಲರ್ ಆದರೋ ಕೃತಿಯದೇ ತುಣುಕುಗಳಿಂದ ಕಟ್ಟಿದ ಹೊಗಳಿಕೆ; ಆದ್ದರಿಂದ ನೋಡುವವನು ಅದನ್ನು ಸಾಕ್ಷಿಯೆಂದೇ ನಂಬುತ್ತಾನೆ, ತಪ್ಪು ಮೊದಲಾಗುವುದು ಈ ನಂಬಿಕೆಯಲ್ಲಿ.

ಸಾಕ್ಷಿಯೆನ್ನುವುದಾದರೆ ಅದು ಯಾವುದಕ್ಕೆ ಸಾಕ್ಷಿ ಎಂಬುದು ಮೊದಲು ನಿಶ್ಚಯವಾಗಬೇಕು. ಮೂಲವನ್ನು ಬದಲಿಸಿದ್ದೇ ದೋಷವೆನ್ನುವುದಾದರೆ, ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿದ ಪಂಪನೂ ದೋಷಿಯಾಗಬೇಕಾಗುತ್ತದೆ. ಮಹಾಭಾರತದ ಶಕುಂತಲೆಯ ಕತೆಯಲ್ಲಿ ದುರ್ವಾಸನ ಶಾಪವಿಲ್ಲ. ಅದನ್ನು ತಂದವನು ಕಾಳಿದಾಸ, ಮತ್ತು ಕುಂತಕನು ‘ವಕ್ರೋಕ್ತಿಜೀವಿತ’ದಲ್ಲಿ ಆ ಬದಲಾವಣೆಯನ್ನು ‘ಪ್ರಕರಣವಕ್ರತೆ’ಗೆ, ಅಂದರೆ ಕತೆಯ ಒಂದು ಭಾಗವನ್ನು ಹೊಸದಾಗಿ ಕಲ್ಪಿಸಿ ಇಡೀ ಕೃತಿಗೆ ಕಾಂತಿ ತರುವ ಕವಿಯ ಜಾಣ್ಮೆಗೆ, ಉದಾಹರಣೆಯಾಗಿ ಎತ್ತಿಕೊಳ್ಳುತ್ತಾನೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಶಾಪ ಕೇಳಿಬರುವುದು ನಾಲ್ಕನೆಯ ಅಂಕದ ಮೊದಲಲ್ಲಾದರೂ ಅದರ ಬೆಲೆ ತಿಳಿಯುವುದು ಐದನೆಯ ಅಂಕದ ಮರೆವಿನಲ್ಲಿ ಮತ್ತು ಉಂಗುರ ಸಿಕ್ಕ ಮೇಲಿನ ಆರನೆಯ ಅಂಕದ ಪಶ್ಚಾತ್ತಾಪದಲ್ಲಿ ಎಂಬುದು. ಬದಲಾವಣೆ ಸರಿಯೋ ತಪ್ಪೋ ಎಂಬುದು ಬದಲಾದ ಜಾಗದಲ್ಲಿ ಗೊತ್ತಾಗದೆ ಅದರಿಂದ ಮುಂದೆ ಏನಾಯಿತೆಂಬುದರಲ್ಲಿ ಗೊತ್ತಾಗುತ್ತದೆ. ಈ ‘ಮುಂದೆ’ ಎಂಬುದಕ್ಕೆ ಟ್ರೈಲರಿನಲ್ಲಿ ಸ್ಥಳವಿಲ್ಲ.

ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೊಸೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಚಿತ್ರವನ್ನು ತೆರೆಗೆ ತಂದರು. ಅದಕ್ಕೆ ಇಂದಿನ ರೀತಿಯ ಮುನ್ನೋಟ ಕಟ್ಟುವುದಾದರೆ ಏನೇನು ಸೇರುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ: ರಾಮಾಚಾರಿಯಾಗಿ ವಿಷ್ಣುವರ್ಧನರ ಕೆರಳಿದ ಮುಖ, ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟುವ ಪುಂಡತನ, ಬಂಡೆಯಿಂದ ಬಂಡೆಗೆ ಏರುವ ಕೋಟೆ, ಖಂಡಿತವಾಗಿಯೂ ಒನಕೆ ಎತ್ತಿ ಹಿಡಿದ ಓಬವ್ವನಾಗಿ ಜಯಂತಿ. ಈ ಕೊನೆಯ ಚಿತ್ರಿಕೆಯನ್ನೇ ಹತ್ತಿರದಿಂದ ನೋಡಬೇಕು. ಕಿಂಡಿಯಲ್ಲಿ ನುಸುಳುವ ಶತ್ರು, ಮೇಲೆತ್ತಿದ ಒನಕೆ, ಪಿ.ಬಿ. ಶ್ರೀನಿವಾಸರ ಕಂಠ, ಇವಿಷ್ಟೂ ಚಿತ್ರದಲ್ಲಿ ಇರುವುದು ನಿಜ. ಆದರೆ ಹೈದರಾಲಿಯ ಮುತ್ತಿಗೆಯ ಕಾಲದ ಈ ಪ್ರಸಂಗವನ್ನು ಮುನ್ನೋಟದಲ್ಲಿ ಕಂಡವನು ಪಾಳೆಯಗಾರರ ಐತಿಹಾಸಿಕ ಚಿತ್ರವೊಂದನ್ನು ನಿರೀಕ್ಷಿಸಿ ಬಂದು, ನಮ್ಮ ಕಾಲದ ಹುಡುಗನೊಬ್ಬನ ಕತೆಯ ಎದುರು ಕೂರುತ್ತಿದ್ದನು. ಒಂದೊಂದು ಚೂರೂ ಸತ್ಯವಾಗಿದ್ದು ಒಟ್ಟು ಸುಳ್ಳಾಗುವ ಸಾಧ್ಯತೆ ಈ ಮಾಧ್ಯಮದಲ್ಲಿಯೇ ಇದೆ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದುದು. ಮುನ್ನೋಟ ಅಂತ್ಯವನ್ನು ಬಿಟ್ಟುಕೊಡಬಾರದು ಎಂಬುದು ಆ ಕಸುಬಿನ ನಿಯಮ. ಆದರೆ ‘ನಾಗರಹಾವು’ ಚಿತ್ರದ ಅರ್ಥ ನೆಲೆಗೊಳ್ಳುವುದೇ ಅಂತ್ಯದಲ್ಲಿ. ತನ್ನ ಗುರು ಚಾಮಯ್ಯ ಮೇಷ್ಟ್ರ ಮೇಲಿನ ಭಕ್ತಿಗೆ ಕಟ್ಟುಬಿದ್ದು, ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಟ್ಟ ರಾಮಾಚಾರಿ, ಅವಳ ಬದುಕು ಹಾಳಾದುದನ್ನು ಕಣ್ಣಾರೆ ಕಂಡ ಮೇಲೆ, ಆಮೇಲೆ ಪ್ರೀತಿಸಿದ ಮಾರ್ಗರೆಟ್‌ಳ ವಿಷಯದಲ್ಲಿ ಅದೇ ಮೇಷ್ಟ್ರಿಗೆ ಎದುರು ನಿಲ್ಲುತ್ತಾನೆ. ಬೆಟ್ಟದ ಮೇಲೆ ಮೇಷ್ಟ್ರು ಬೀಳುತ್ತಾರೆ, ಶಿಷ್ಯನೂ ಅದೇ ಹಾದಿ ಹಿಡಿಯುತ್ತಾನೆ. ವಾತ್ಸಲ್ಯವೇ ಹೇಗೆ ಅನಾಹುತಕ್ಕೆ ಕಾರಣವಾಯಿತು ಎಂಬುದು ತಿಳಿಯಬೇಕಾದರೆ ಮೊದಲ ದೃಶ್ಯದಿಂದ ಅಲ್ಲಿಯವರೆಗೆ ನಡೆದುಬರಲೇಬೇಕು. ಭಾರತೀಯ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಮುನ್ನೋಟ ಅನುಭಾವಗಳನ್ನು, ಅಂದರೆ ಕಣ್ಣೀರು, ಕೆಂಗಣ್ಣುಗಳಂಥ ಹೊರಗುರುತುಗಳನ್ನು ತೋರಿಸಬಲ್ಲದು. ಮನಸ್ಸಿನಲ್ಲಿ ನೆಲೆನಿಂತ ಸ್ಥಾಯಿಭಾವ ಬಲಿತು ರಸವಾಗುವುದಕ್ಕೆ ಬೇಕಾದ ಕಾಲ ಅದರ ಬಳಿ ಇಲ್ಲ.

ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತು ಎಂದು ತರಾಸು ಬೇಸರಪಟ್ಟರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಒಪ್ಪಲಿ ಬಿಡಲಿ, ಅದು ವಿಮರ್ಶೆಯ ಮಾತು. ಇಡೀ ಚಿತ್ರವನ್ನು ಇಡೀ ಕಾದಂಬರಿಯ ಪಕ್ಕದಲ್ಲಿಟ್ಟಾಗ ಮಾತ್ರ ಹುಟ್ಟುವಂಥದು. ಮುನ್ನೋಟ ಹೆಡೆಯನ್ನು ಧಾರಾಳವಾಗಿ ತೋರಿಸುತ್ತಿತ್ತು, ವಿಷ ಉಳಿದಿದೆಯೋ ಇಲ್ಲವೋ ಎಂಬುದನ್ನು ಅದರಿಂದ ಅರಿಯುವಂತಿರಲಿಲ್ಲ. ಇದೇ ಕತೆಯನ್ನು ಪುಟ್ಟಣ್ಣನವರೇ 1974ರಲ್ಲಿ ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಎಂದು ಮತ್ತೆ ತೆಗೆದರು. ರಿಷಿ ಕಪೂರ್ ನಾಯಕ, ಚಿತ್ರದುರ್ಗದ ಕೋಟೆಯೇ ಹಿನ್ನೆಲೆ. ಎರಡು ಚಿತ್ರಗಳ ಆಯ್ದ ಭಾಗಗಳು ಹೆಚ್ಚುಕಡಿಮೆ ಒಂದೇ ಆಗುತ್ತಿದ್ದವು. ಆದರೂ ಕನ್ನಡದ್ದು ತಲೆಮಾರುಗಳಿಗೆ ಉಳಿಯಿತು, ಹಿಂದಿಯದು ಸೋತಿತು.

ತರಾಸು ಅವರದೇ ‘ಹಂಸಗೀತೆ’ಯನ್ನು ಜಿ.ವಿ. ಅಯ್ಯರ್ 1975ರಲ್ಲಿ ಚಿತ್ರವಾಗಿಸಿದರು. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕತೆ ಅದು. ರಾಗಾಲಾಪನೆಯ ಹತ್ತು ಸೆಕೆಂಡು ಕತ್ತರಿಸಿ ಕೇಳಿಸಿ ರಾಗವನ್ನು ಅಳೆಯಿರಿ ಎಂದರೆ ಬಲ್ಲವರು ಒಪ್ಪುವುದಿಲ್ಲ; ಮುನ್ನೋಟದಿಂದ ಚಿತ್ರವನ್ನು ಅಳೆಯುವುದೂ ಅಂಥದೇ.

ಹಾಗೆಂದು ಮುನ್ನೋಟದಿಂದ ಏನೂ ತಿಳಿಯದು ಎನ್ನುವುದೂ ಅತಿಯಾಗುತ್ತದೆ. ದುರ್ಗದ ಕತೆಯ ಪಾತ್ರಗಳು ಬೆಂಗಳೂರಿನ ಮಾತನಾಡಿದರೆ ಆ ದೋಷ ಒಂದೇ ವಾಕ್ಯದಲ್ಲಿ ಬಯಲಾಗುತ್ತದೆ, ಬಯಲುಸೀಮೆಯ ಬಿಸಿಲಿನ ಬದಲು ಮಲೆನಾಡಿನ ಹಸಿರು ಕಂಡರೆ ಒಂದೇ ನೋಟದಲ್ಲಿ. ಭಾಷೆ, ನೆಲ, ಉಡುಗೆಗಳನ್ನು ಕುರಿತ ಆಕ್ಷೇಪ ಮುನ್ನೋಟದ ಮಟ್ಟದಲ್ಲೇ ನ್ಯಾಯವಾದುದು. ಆದರೆ ಕಾದಂಬರಿಯ ಓದುಗರ ಆಕ್ಷೇಪ ಬಹುಮಟ್ಟಿಗೆ ಇಂಥದಲ್ಲ. ಓದುವಾಗ ತಮ್ಮೊಳಗೆ ಮೂಡಿದ ಮುಖವೇ ಮೂಲವೆಂದು ಅವರು ತಿಳಿದಿರುತ್ತಾರೆ, ತೆರೆಯ ಮುಖ ಅದಕ್ಕೆ ಹೊಂದದಿದ್ದಾಗ ನೋವಾಗುತ್ತದೆ. ಆ ನೋವು ಕೃತಿಯ ಮೇಲಿನ ಪ್ರೀತಿಯಿಂದ ಬಂದದ್ದಾದ್ದರಿಂದ ಗೌರವಕ್ಕೆ ಅರ್ಹ, ತೀರ್ಪಾಗಲು ಮಾತ್ರ ಸಾಲದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡದ ನಾಟಕಗಳಿಗೆ ಬರುವ ಹಳ್ಳಿಯ ಪ್ರೇಕ್ಷಕ ಮೊದಲು ಆಟ ನೋಡುತ್ತಾನೆ, ಆಮೇಲೆ ಮಾತನಾಡುತ್ತಾನೆ. ಸಿನಿಮಾ ಈ ಕ್ರಮವನ್ನು ತಲೆಕೆಳಗು ಮಾಡಿದೆ.

2018ರಲ್ಲಿ ‘ನಾಗರಹಾವು’ ಹೊಸ ಧ್ವನಿ ಸಂಸ್ಕಾರ ಪಡೆದು ಮತ್ತೆ ಚಿತ್ರಮಂದಿರಗಳಿಗೆ ಬಂದಾಗ ಅದರ ತುಣುಕುಗಳನ್ನು ಕಂಡು ಜನ ಪುಳಕಗೊಂಡದ್ದು ಸಹಜವೇ ಆಗಿತ್ತು, ಏಕೆಂದರೆ ಇಡೀ ಚಿತ್ರ ಅವರ ನೆನಪಿನಲ್ಲಿದ್ದು, ಒಂದು ಚೂರು ಕಂಡರೂ ಪೂರ್ತಿ ಧ್ವನಿಸುತ್ತಿತ್ತು. ಬರಲಿರುವ ಚಿತ್ರಕ್ಕೆ ಅಂಥ ನೆನಪಿನ ಆಸರೆ ಇಲ್ಲ. ಆದ್ದರಿಂದ ಮುನ್ನೋಟ ಕಂಡು ಮನಸ್ಸು ಕೆಟ್ಟ ಓದುಗರು ತಮ್ಮ ಆಕ್ಷೇಪವನ್ನು ಒಂದು ಹಾಳೆಯಲ್ಲಿ ಬರೆದು ಕಾದಂಬರಿಯ ಪುಟಗಳ ನಡುವೆ ಇಟ್ಟಿರಲಿ. ಚಿತ್ರವನ್ನು ಕೊನೆಯವರೆಗೆ ನೋಡಿ ಬಂದ ಮೇಲೆ ಅದನ್ನು ತೆಗೆದು ಓದಲಿ.