‘ಬೇಡ’ ಎನ್ನುವ ಕೋಶಗಳು

ಕುಮಟಾದ ಅಘನಾಶಿನಿ ಅಳಿವೆಯಲ್ಲಿ ನೀರಿಳಿದಾಗ ಬೆಳಚು ಹೆಕ್ಕಲು ಕೆಸರಿಗಿಳಿದವರ ಬರಿಗಾಲಿಗೆ ಚಿಪ್ಪಿನ ಅಂಚು ಚುಚ್ಚಿತೆನ್ನಿ. ನೋವು ಅರಿವಿಗೆ ಬರುವ ಮೊದಲೇ ಆ ಕಾಲು ಮೇಲೆದ್ದಿರುತ್ತದೆ. ಇನ್ನೊಂದು ಕಾಲು ಬಿಗಿದು ನಿಂತು ಮೈಭಾರವನ್ನೆಲ್ಲ ಹೊತ್ತಿರುತ್ತದೆ. ಇದಿಷ್ಟನ್ನೂ ನಡೆಸಿದ್ದು ಬೆನ್ನುಹುರಿ. ಮಿದುಳಿಗೆ ಸುದ್ದಿ ಮುಟ್ಟುವುದು ಆಮೇಲೆ.

ಈ ಕೆಲಸಕ್ಕೆ ಮೂರು ಬಗೆಯ ನರಕೋಶಗಳು ಬೇಕು. ಅಂಗಾಲಿನ ಸುದ್ದಿ ತರುವುದು ಸಂವೇದನಾ ನರಕೋಶ. ಅದರ ಒಂದೇ ಎಳೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ. ಸ್ನಾಯುವಿಗೆ ಅಪ್ಪಣೆ ಒಯ್ಯುವುದು ಚಾಲಕ ನರಕೋಶ. ಇವೆರಡರ ನಡುವಿನದು ಮಧ್ಯವರ್ತಿ. ಮನುಷ್ಯನ ಮಿದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಬಹುಪಾಲು ಹೊರಜಗತ್ತನ್ನು ನೇರವಾಗಿ ಮುಟ್ಟುವುದಿಲ್ಲ, ಸ್ನಾಯುವನ್ನು ನೇರವಾಗಿ ಆಡಿಸುವುದೂ ಇಲ್ಲ; ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ.

ಮಧ್ಯವರ್ತಿಗಳಲ್ಲಿ ಎಷ್ಟೋ ಕೋಶಗಳು ಆಡುವ ಮಾತು ಒಂದೇ: ‘ಬೇಡ’. ಕಾಲು ಮಡಿಸುವ ಸ್ನಾಯು ಬಿಗಿಯುವಾಗ ಚಾಚುವ ಸ್ನಾಯು ಸಡಿಲವಾಗಬೇಕು. ಅದು ತಾನಾಗಿ ಸಡಿಲಗೊಳ್ಳುವುದಿಲ್ಲ, ಒಂದು ತಡೆಕೋಶ ಅದರ ಚಾಲಕ ಕೋಶವನ್ನು ಸುಮ್ಮನಿರಿಸುತ್ತದೆ. ಹೀಗೆ ತಡೆಯುವುದೂ ನರಮಂಡಲದ ದುಡಿಮೆಯೇ ಎಂದು ತೋರಿಸಿಕೊಟ್ಟವರು ಚಾರ್ಲ್ಸ್ ಶೆರಿಂಗ್ಟನ್. 1932ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ವಿಜ್ಞಾನಿ.

ಆ ‘ಬೇಡ’ ಇಲ್ಲವಾದರೆ? ಉತ್ತರ ಹೊನ್ನಾವರ, ಭಟ್ಕಳದ ಕಡೆಯ ಕಾಡಿನಲ್ಲೇ ಇದೆ. ಕಾಸರಕನ ಮರದ ಕಿತ್ತಳೆ ಬಣ್ಣದ ಗುಂಡು ಹಣ್ಣನ್ನು ಒಡೆದರೆ ಬಿಳಿ ತಿರುಳು, ಅದರೊಳಗೆ ರೇಷ್ಮೆ ಹೊಳಪಿನ ಬೂದು ಬಿಲ್ಲೆಗಳು. ಆ ಬೀಜದಲ್ಲಿರುವ ಸ್ಟ್ರಿಕ್ನಿನ್ ವಿಷ, ತಡೆಕೋಶದ ಮಾತು ಚಾಲಕ ಕೋಶಕ್ಕೆ ಮುಟ್ಟದಂತೆ ಮಾಡುತ್ತದೆ. ಆಮೇಲೆ ಒಂದು ಸಣ್ಣ ಸದ್ದು, ತುಸು ಸ್ಪರ್ಶ ಸಾಕು: ಮಡಿಸುವ, ಚಾಚುವ ಸ್ನಾಯುಗಳೆಲ್ಲ ಒಟ್ಟಿಗೇ ಸೆಟೆದು ಬೆನ್ನು ಬಿಲ್ಲಾಗುತ್ತದೆ. ಎಚ್ಚರ ಮಾತ್ರ ಹಾಗೇ ಇರುತ್ತದೆ. ವಿಷ ಮೈಗೆ ಹೊಸ ಬಲವನ್ನೇನೂ ತುಂಬಲಿಲ್ಲ. ಇದ್ದ ತಡೆಯನ್ನು ತೆಗೆಯಿತು, ಅಷ್ಟೆ. ತನ್ನ ಬಲಕ್ಕೇ ಮೈ ಬಲಿಯಾಯಿತು.

ಸಂಯಮವೆಂದರೆ ಶಕ್ತಿಯನ್ನು ಕುಗ್ಗಿಸಿಕೊಳ್ಳುವುದು ಎಂದು ತಿಳಿದವರು ಇದನ್ನು ನೋಡಬೇಕು. ತಡೆಯೇ ದೊಡ್ಡ ಗುಣವೆಂದು ಹೊಗಳುವವರೂ ನೋಡಬೇಕು. ಎಲ್ಲದಕ್ಕೂ ‘ಬೇಡ’ ಎನ್ನುವ ಮೈ ಮುಳ್ಳು ಚುಚ್ಚಿದರೂ ಕದಲದು. ಯಾವುದಕ್ಕೆ, ಯಾವ ಗಳಿಗೆಯಲ್ಲಿ ಎಂಬುದು ಕೂಡಿಬಂದಾಗಲೇ ತಡೆಗೆ ಅರ್ಥ. ಆಡಿದ ಮಾತು, ಮಾಡಿದ ಕೆಲಸಗಳನ್ನಷ್ಟೇ ನಾವು ಬದುಕೆಂದು ಲೆಕ್ಕ ಇಡುತ್ತೇವೆ. ಆಡದೆ ನುಂಗಿದ ಮಾತಿಗೂ, ಎತ್ತದೆ ತಡೆದ ಕೈಗೂ ಮೈಯೊಳಗೆ ಯಾವುದೋ ಕೋಶ ದುಡಿದಿರುತ್ತದೆ. ಅವೂ ನಾವು ಮಾಡಿದ ಕೆಲಸಗಳೇ.